ರಿಪೋರ್ಟ್ ಇನ್ನೂ ಬಂದಿಲ್ಲ

ಇಲ್ಲ ಕಣೇ ಸುನಂದಾ, ಎಷ್ಟು ಸಲ ಹೇಳ್ಲಿ... ಬಂದಿಲ್ಲ ಅಂದ್ರೆ ಬಂದಿಲ್ಲ! ನಿನ್ ಎದೆ ಗಂಟಿಂದ ತುಂಡು ತೆಗೆದು ಟೆಸ್ಟಿಗೆ ಕಳಿಸಿದ್ರಲ್ಲ, ಆ ರಿಪೋರ್ಟು ಇನ್ನೂ ಬಂದೇ ಇಲ್ಲ. ಸರ್ವರ್ ಡೌನು. ಈ ಆಸ್ಪತ್ರೆ ರೆಕಾರ್ಡ್ ರೂಮಲ್ಲೇ ಕೂದಲು ಬೆಳ್ಳಗೆ ಮಾಡ್ಕೊಂಡೋಳು ನಾನು, ನಿನ್ ಸ್ವಂತ ಅಕ್ಕ. ನನ್ ಮಾತು ನಂಬಲ್ಲ ಅಂದ್ರೆ ಇನ್ಯಾರ ಮಾತು ನಂಬ್ತೀಯ? ಟೇಕಲ್ಲಿಂದ ಬಸ್ಸಲ್ಲಿ ನಿಂತ್ಕೊಂಡೇ ಬಂದಿದ್ದೀಯ, ಕೂತ್ಕೋ ಈ ಬೆಂಚ್ ಮೇಲೆ.

ಏನು? ಆ ಕೌಂಟ್ರಾ?... ಹೂಂ, ಅಲ್ಲಿ ಪ್ರಿಂಟ್ ಬರ್ತಾ ಐತೆ. ಆ ಮುಳಬಾಗಿಲ ಯಮ್ಮನಿಗೂ ಈಗ್ತಾನೆ ಕೊಟ್ರು, ನಾನೂ ನೋಡ್ದೆ. ಅದು... ಅದು ಸಕ್ಕರೆ ಕಾಯಿಲೆಯೋರ್ದು. ಅದರ ಕಂಪ್ಯೂಟ್ರೇ ಬೇರೆ! ಯಾಕೆ ನಗ್ತೀಯ? ನಗೋ ಅಂಥದ್ದು ಏನ್ ಹೇಳ್ದೆ ನಾನು?

ಎಲ್ಲಾ ಈ ಹೊಸ ವ್ಯವಸ್ಥೆಯಿಂದ ಆಗಿದ್ದು. ಮುಂಚೆ ನೋಡು, ರಟ್ಟಿನ ಫೈಲು, ಮೇಲೊಂದು ದಾರ. ಯಾರೇ ಬಂದು 'ಮುನಿಯಲ್ಲಮ್ಮಾ, ನಮ್ದು ಸ್ವಲ್ಪ ನೋಡಮ್ಮಾ' ಅಂದ್ರೆ ಹಂಗೆ ಹೋಗಿ ಹಿಂಗೆ ತರ್ತಿದ್ದೆ. ಈಗ ಪದ್ಮಶ್ರೀ ಅಂತ ಒಂದ್ ಹುಡುಗಿ ಕಂಪ್ಯೂಟ್ರ್ ಮುಂದೆ ಕೂತವ್ಳೆ. ಟಕ ಟಕ ಅನ್ನಿಸ್ತಾಳೆ, ಮುಗೀತು! ಫೈಲೆಲ್ಲ ಮೂಟೆ ಕಟ್ಟಿ ಹಿಂದುಗಡೆ ಶೆಡ್ಡಿಗೆ ಹಾಕವ್ರೆ. ಆ ಮೂಟೆ ಕಾಯೋದೇ ನನ್ ಕೆಲಸ ಈಗ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ... ಬಿಡು.

ಆದ್ರೆ ಕಾಗದದಲ್ಲಿ ಒಂದ್ ಒಳ್ಳೇದಿತ್ತು ಕಣೇ. ಯಾರಿಗೋ ಆ ದೊಡ್ಡ ಕಾಯಿಲೆ ಅಂತ ಬಂತು ಅಂದ್ಕೋ. ಮನೆಯೋರು ಹಿಂದುಗಡೆಯಿಂದ ಬಂದು, 'ಅಮ್ಮಾ, ಅವಳಿಗೆ ಈಗ್ಲೇ ಹೇಳ್ಬೇಡಿ' ಅಂತ ಕೈ ಮುಗಿಯೋರು. ನಾನು ಆ ಫೈಲನ್ನ ಕಟ್ಟಿನ ತಳಕ್ಕೆ ತಳ್ಳಿ, 'ರಿಪೋರ್ಟ್ ಇನ್ನೂ ಬಂದಿಲ್ಲ, ಮುಂದಿನ ವಾರ ಬನ್ನಿ' ಅಂತಿದ್ದೆ. ಒಂದ್ ವಾರ! ಅಷ್ಟ್ರೊಳಗೆ ಮನೆಯೋರು ಎದೆ ಗಟ್ಟಿ ಮಾಡ್ಕೊಳ್ಳೋರು, ಪಕ್ಕದಲ್ಲಿ ಕೂರಿಸ್ಕೊಂಡು ಮೆತ್ತಗೆ ಹೇಳೋರು. ಅವಳೂ ಪಾಪ, ಆ ವಾರ ಹೊಟ್ಟೆ ತುಂಬ ಉಣ್ಣೋಳು, ನಿದ್ದೆ ಮಾಡೋಳು. ಕಂಪ್ಯೂಟ್ರಿಗೆ ತಳ ಎಲ್ಲೈತೆ, ತಳ್ಳೋಕೆ?

...ಯಾಕೆ ಹಂಗೆ ನೋಡ್ತೀಯ? ಅಯ್ಯೋ, ಅದು ಯಾರ್ದೋ ಕಥೆ ಕಣೇ! ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಲಿ? ನಿಂದು ನಿಜವಾಗ್ಲೂ ಬಂದಿಲ್ಲ. ಕುರುಡುಮಲೆ ಗಣೇಶನ ಆಣೆ... ಬೇಡ, ಆಣೆ ಗೀಣೆ ಎಲ್ಲ ಯಾಕೆ. ಆಸ್ಪತ್ರೆಯಲ್ಲಿ ದೇವರ ಆಣೆ ಇಡ್ಬಾರ್ದು.

ಕಣ್ಣಾ? ನಾನು ಅತ್ತಿಲ್ಲ ಕಣೇ! ಶೆಡ್ಡಿನ ಧೂಳು. ಚಂದ್ರೂನಾ?... ಹೂಂ, ಮಾಡಿದ್ದ ನಿನ್ ಗಂಡ ಫೋನು. ಸುಮ್ನೆ ಕಣೇ, ರೇಷ್ಮೆ ಹುಳ ಹಣ್ಣಾಗೈತೆ, ಗೂಡು ಕಟ್ಟಕ್ಕೆ ಬಿಡ್ತಾ ಇದ್ದೀನಿ ಅಂದ. ಅಷ್ಟೇ. ಅಳ್ತಾ ಗಿಳ್ತಾ ಏನೂ ಇರ್ಲಿಲ್ಲ!

ಏಳು, ಕಾಫಿ ಕುಡಿಯೋಣ. ಮುಂದಿನ ವಾರ ಬಾ, ನಾನೇ ನಿಂತು... ಏನದು? ಫೋನ್ ಯಾಕೆ ನನ್ ಮುಖಕ್ಕೆ ಹಿಡೀತೀಯ? ಯಾವ್ದೋ ರೀಚಾರ್ಜ್ ಮೆಸೇಜ್ ಇರ್ತದೆ ಬಿಡೇ...

...ಇದು ನಮ್ ಆಸ್ಪತ್ರೇದು.

ಯಾವಾಗ ಬಂತು? ಬೆಳಿಗ್ಗೇನೇ? ಯಾರು ಓದಿದ್ದು... ಮೌನಿಕಾನಾ? ನರಸಾಪುರದ ಕಂಪನಿ ಬಸ್ಸು ಹತ್ತಕ್ಕೆ ಹೊರಟಿದ್ದ ಹುಡುಗಿ ಕೈಲಿ ಓದಿಸಿದ್ಯಾ? ಅಯ್ಯೋ ದೇವ್ರೇ! ಹೆತ್ತ ಮಗಳ ಬಾಯಿಂದ ತಾಯಿಗೆ ಹೇಳಿಸ್ಬಿಡ್ತಲ್ಲೇ ಈ ಹಾಳಾದ್ದು!

ನಾನೇ ಕಣೇ ಮಾಡಿದ್ದು. ನಿನ್ ನಂಬರ್ ಹಾಕ್ಸಿದೋಳು ನಾನೇ. 'ನನ್ ತಂಗಿ ಕ್ಯೂನಲ್ಲಿ ನಿಲ್ಲೋದು ಬೇಡ, ರಿಪೋರ್ಟು ಅವಳ ಫೋನಿಗೇ ಹೋಗೋ ಹಂಗೆ ಮಾಡಮ್ಮಾ' ಅಂತ ಆ ಪದ್ಮಶ್ರೀ ತಾವ ಹೆಮ್ಮೆಯಿಂದ ಹೇಳಿದ್ದೆ.

ಗೊತ್ತಿದ್ದೂ... ಎಲ್ಲಾ ಗೊತ್ತಿದ್ದೂ ಬಸ್ ಹತ್ತಿ ಬಂದ್ಯಾ? ಯಾಕೆ? ಅಕ್ಕ ಅಲ್ಲೇ ಅವ್ಳೆ, ಕಂಪ್ಯೂಟ್ರು ತಪ್ಪು ಅಂತ ಹೇಳ್ತಾಳೆ ಅಂತಾನಾ? ನಾನು 'ಬಂದಿಲ್ಲ' ಅಂದ ತಕ್ಷಣ... ಒಂದ್ ಗಳಿಗೆ ನಂಬ್ಬಿಟ್ಯಾ ಸುನಂದಾ?

ಮಾಟ್ಲಾಡವೇ... ಮಾತಾಡೇ. ಬೈಯೇ ನನ್ನ.

...ಬಂದೈತೆ ಕಣೇ. ನೆನ್ನೇನೇ ಬಂದೈತೆ. ಬೇರೆ ಯಾರ್ದಾದ್ರೂ ಆಗಿರ್ಲಿ ಅಂತ ಪದ್ಮಶ್ರೀ ಕೈಲಿ ಮತ್ತೆ ಮತ್ತೆ ತೆಗೆಸಿ ನೋಡಿದೆ. ಬಯ್ದ್ಲು ಆ ಹುಡುಗಿ. ಆದ್ರೂ ಇನ್ನೊಂದ್ ಸಲ ತೆಗೆಸಿದೆ.

ನಿಂದೇ ಕಣೇ.