ತಾಮ್ರ ಬಳಿದ ತಂತಿ

ನನಗೆ ಅರಳುಮರಳು ಎನ್ನುವವರು ಮೊದಲು ಬಾಯಿ ಮುಚ್ಚಿಕೊಂಡು ಕೇಳಿ, ಒಂದು ಮಾತೂ ನಾನು ಸೇರಿಸಿದ್ದಲ್ಲ. ವಿದ್ಯುತ್ ಕಚೇರಿಯ ಸರದಿಯಲ್ಲಿ ನನ್ನ ಮುಂದೆಯೇ ಒಬ್ಬ ವೈರಿಂಗ್ ಮೇಸ್ತ್ರಿ ನಿಂತಿದ್ದ. ಅವನು ವೈರಿಂಗ್ ಮಾಡಿದ್ದ ಹೊಲಿಗೆ ಕಾರ್ಖಾನೆ ಸುಟ್ಟಿತೆಂದು ಅವನ ಲೈಸೆನ್ಸ್ ಕಿತ್ತುಕೊಂಡು ವರ್ಷವಾಗಿತ್ತು. ಆ ಕೆಲಸಕ್ಕೆ ತಂತಿ ತಂದುಕೊಟ್ಟ ಗುತ್ತಿಗೆದಾರ ಅವನ ಅಕ್ಕನ ಗಂಡ. ಅವನೂ ಬೆವರುತ್ತ ಓಡಿಬಂದ.

“ಏನೋ ಅದು ಕೈಯಲ್ಲಿ?”

“ನಿಮ್ಮ ತಂತಿ ಭಾವ. ಅಪ್ಪಟ ತಾಮ್ರ ಅಂದಿದ್ರಲ್ಲ.”

“ತಾಮ್ರಾನೇ ಕಣೋ!”

ಮೇಸ್ತ್ರಿ ಚಾಕುವಿನಿಂದ ಕೆರೆದ. ಕೆಂಪು ಸಿಪ್ಪೆ ಎದ್ದು ಒಳಗೆ ಬೆಳ್ಳಗೆ ಕಂಡಿತು.

“ಒಳಗಿರೋದು ಅಲ್ಯುಮಿನಿಯಂ. ಭಾವನ ಮಾಲು ಅಂತ ಅವತ್ತು ನಾನೂ ಕೆರೆದು ನೋಡ್ಲಿಲ್ಲ.”

“ಅದರಲ್ಲೂ ಕರೆಂಟ್ ಹರಿಯುತ್ತಲ್ಲೋ.”

“ಹರಿಯುತ್ತೆ, ದೊಡ್ಡ ಬೀದಿಯ ಜನಾನ ಸಂದೀಲಿ ನುಗ್ಗಿಸಿದ ಹಾಗೆ. ಇದೇ ದಪ್ಪದ ತಾಮ್ರ ತಡ್ಕೊಳ್ಳೋ ಕರೆಂಟಿಗೆ ಇದು ಕಾದು ಕೆಂಡ ಆಗುತ್ತೆ. ಬೆಂಕಿ ಬಿದ್ದ ಮೇಲೆ ಎಲ್ಲರೆದುರು ‘ಇವನಿಗೆ ಸ್ಕ್ರೂ ಬಿಗಿಯೋಕೂ ಬರಲ್ಲ’ ಅಂದ್ರಲ್ಲ, ಈಗ ಅನ್ನಿ.”

“ನಿಮ್ಮಕ್ಕನ ಮುಖ ನೋಡಿಯಾದ್ರೂ ಬಿಟ್ಬಿಡೋ.”

“ಗೋದಾಮಿನ ಬೀಗ ತೆಗೆದು ಈ ಸುರುಳಿ ಕೊಟ್ಟಿದ್ದೇ ಅಕ್ಕ. ಒಳಗೆ ಸಾಹೇಬರ ಮುಂದೆ ಕೂತಿದ್ದಾಳೆ. ಮುಖ ತಾನೇ, ಬನ್ನಿ ನೋಡೋಣ.”

ಅಷ್ಟರಲ್ಲಿ ಗುಮಾಸ್ತ ಕೂಗಿದ. ವರ್ಷದಿಂದ ತಲೆ ತಗ್ಗಿಸಿಯೇ ಓಡಾಡಿದ್ದ ಮೇಸ್ತ್ರಿ ಭಾವನ ರಟ್ಟೆ ಹಿಡಿದು, ನೆಟ್ಟಗೆ ನಡೆದು ಒಳಗೆ ಹೋದ.

ಮನೆಗೆ ವೈರಿಂಗ್ ಮಾಡಿಸುತ್ತಿರುವವರಿಗೆಲ್ಲ ಇದನ್ನು ಕೇಳಿಸಿ. ನಿಮ್ಮ ಪರಿಚಯದ ಗುತ್ತಿಗೆದಾರರಿದ್ದರೆ ಅವರಿಗೆ ಎರಡು ಸಲ ಕಳಿಸಿ.