ಓಗೊಡದ ಕೂಗು

ಕೊಣ್ಣೂರಿನ ಹೊರಗೆ, ಕಬ್ಬಿನ ಹೊಲಗಳ ನಡುವೆ ಒಂದು ಹಾಳುಬಾವಿ ಇದೆ. ರಾತ್ರಿ ಹನ್ನೊಂದು ದಾಟಿತ್ತು. ಬೈಕು ಪಂಕ್ಚರ್ ಆಗಿ, ಅದನ್ನು ಗೋಕಾಕ ಫಾಲ್ಸ್ ರಸ್ತೆಯಲ್ಲೇ ಬಿಟ್ಟು, ಗಂಡ ಹೆಂಡತಿ ಆ ಬಾವಿಯ ದಾರಿ ಹಿಡಿದು ನಡೆದು ಬರುತ್ತಿದ್ದರು. ಹೆಂಡತಿ ದೀಪಾ, ನನ್ನ ಸ್ವಂತ ಕಾಕಾನ ಮಗಳು. ಅದಕ್ಕೇ ಹೇಳುವುದು, ಇದು ಗಾಳಿಮಾತಲ್ಲ.

ಗಂಡ ಸುನೀಲ. ಮೂಡಲಗಿಯ ಬೈಕ್ ಶೋರೂಮಿನಲ್ಲಿ ಕೆಲಸ, ಮಾತಿನ ಮಲ್ಲ. ಅವತ್ತು ಗೆಳೆಯನ ಮನೆ ಊಟದಲ್ಲೂ ಅದೇ ಬೆಟ್ಟದ ಕತೆ ಹೇಳಿ ಹೆಂಗಸರ ಕಣ್ಣು ಒದ್ದೆ ಮಾಡಿಸಿದ್ದ. "ಹೇಣ್ತಿ ಸಲುವಾಗಿ ಕೂಗಿ ಕೂಗಿ ಗಂಟಲ ಹರೀತ್ರಿ ನಂದು..."

ಕತೆ ಏನೆಂದರೆ, ತಿಂಗಳ ಹಿಂದೆ ಇಬ್ಬರೂ ಹಿಮಾಚಲಕ್ಕೆ ಹೋಗಿದ್ದರು. ಏಳು ದಿನದ ಪ್ಯಾಕೇಜು. ರಬ್ಬರ್ ದೋಣಿಯಲ್ಲಿ ನದಿ ಇಳಿದರು, ಟೆಂಟಿನಲ್ಲಿ ಮಲಗಿದರು, ಛತ್ರಿ ಕಟ್ಟಿಕೊಂಡು ಗಾಳಿಯಲ್ಲಿ ಹಾರಿದರು. ದೀಪಾ ಖುಷಿಯಲ್ಲೇ ಇದ್ದಳು, ಸುಳ್ಳು ಯಾಕೆ ಹೇಳಲಿ.

ಹೊರಡುವ ಮುಂಚೆ ಕುರಿ ಕಾಯುವವರ ದಡ್ಡಿಗೆ ಹೋಗಿ ದೀಪಾಳ ಅಜ್ಜಿಯ ಕಾಲಿಗೆ ಬಿದ್ದಿದ್ದರು. ಅಜ್ಜಿ ದುಂಡವ್ವ, ಹುಟ್ಟಿದಾಗಿಂದ ಕುರಿಯ ಹಿಂದೆಯೇ ತಿರುಗಿದವಳು. "ಗುಡ್ಡದಾಗ ಯಾರ ಕರದ್ರೂ ಓ ಅನಬೇಕ ನೋಡ ತಂಗಿ. ಕುರಿ ಕಾಯೋರು ಹಂಗ ಬದುಕಿ ಬಂದೇವಿ. ಓಗೊಡದ ಕೂಗು ಅಲ್ಲೇ ಸಾಯಂಗಿಲ್ಲ. ಯಾರನ್ನ ಕರದಿತ್ತೋ ಅವರನ್ನ ಹುಡುಕ್ಕೊಂತ ಮನಿತನಕ ಬರತೈತಿ."

ಸುನೀಲ ನಕ್ಕಿದ್ದ. "ಈಗ ಮೊಬೈಲ್ ಅದಾವ ಬಿಡಬೇ ಅಜ್ಜಿ."

ಐದನೇ ದಿನ ಬೆಟ್ಟದ ನೆತ್ತಿಯಿಂದ ಇಳಿಯುವಾಗ ಮಂಜು ಮುಚ್ಚಿಕೊಂಡಿತು. ಸುನೀಲನ ಫೋಟೋ ಹುಚ್ಚಿನಿಂದ ಇವರಿಬ್ಬರೂ ಗುಂಪಿನಿಂದ ಹಿಂದೆ ಬಿದ್ದಿದ್ದರು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಆಗ ದೀಪಾಳ ಕಾಲು ಉಳುಕಿತು. ಟೂರ್ ಕಂಪನಿಯವರು ಕೊಟ್ಟ ಊರುಗೋಲು ಇತ್ತು, ನಂಬರು ಹದಿನಾಲ್ಕು. ಟಕ್... ಸರ್ರ್. ಟಕ್... ಸರ್ರ್. ಕೋಲು ಊರಿ, ಕಾಲು ಎಳೆಯುತ್ತ ಒಂದು ಬಂಡೆಗಲ್ಲಿನವರೆಗೆ ಬಂದಳು. "ನೀ ಇಲ್ಲೇ ಕುಂದ್ರು. ಗೈಡನ್ನ ಕರಕೊಂಡ ಬರ್ತೇನಿ" ಅಂದ ಸುನೀಲ, ಮುಂದಿದ್ದ ಇಕ್ಕಟ್ಟಿನ ಕಾಲುದಾರಿ ದಾಟಿದ. ಒಂದು ಕಡೆ ಗೋಡೆಯಂಥ ಕಲ್ಲು, ಇನ್ನೊಂದು ಕಡೆ ಪ್ರಪಾತ. ಹೋದವನು ಹೋದ.

ಅವಳು ಕರೆದಳು. ಮೂರು ತಾಸು ಕರೆದಳು. ಕತ್ತಲಾಗುವ ಹೊತ್ತಿಗೆ ಮೇಲಿನಿಂದ ಯಾರೋ "ಹೋ...ಯ್" ಅಂದರು. ಅಲ್ಲಿಯ ಕುರಿ ಕಾಯುವ ಮುದುಕ. ಭಾಷೆ ಬಾರದ ಆ ಪುಣ್ಯಾತ್ಮ ಅವಳನ್ನು ಬೆನ್ನ ಮೇಲೆ ಹೊತ್ತು ಟೆಂಟಿಗೆ ತಂದ. ಕೋಲು ಬಂಡೆಯ ಮೇಲೆಯೇ ಉಳಿಯಿತು.

ಟೆಂಟಿನಲ್ಲಿದ್ದ ಸುನೀಲ ಅವಳನ್ನು ತಬ್ಬಿಕೊಂಡು ಅತ್ತ. ದಾರಿ ತಪ್ಪಿತಂತೆ, ಕೂಗಿದನಂತೆ. "ನಿನ್ನ ದನಿ ಒಮ್ಮೆರ ಕೇಳಸ್ಲಿಲ್ಲ ದೀಪಾ." ಅವನ ಕೂಗು ಅವಳಿಗೂ ಕೇಳಿಸಿರಲಿಲ್ಲ. ಗಾಳಿ ಜೋರಿತ್ತು ಅಂದುಕೊಂಡಳು. ಕಟ್ಟಿಕೊಂಡವನನ್ನು ನಂಬದೆ ಇನ್ನೇನು ಮಾಡುತ್ತಾಳೆ? ನಂಬಿದಳು.

ಈಗ ಬಾವಿಗೆ ಬರೋಣ.

ಬಾವಿ ದಾಟಿ ಹತ್ತು ಹೆಜ್ಜೆ ಹೋಗಿರಬೇಕು. ಹಿಂದಿನಿಂದ...

ಟಕ್... ಸರ್ರ್.

"ಯಾರೋ ಬರಾಕತ್ತಾರ" ಅಂದಳು ದೀಪಾ, ಪಿಸುಮಾತಿನಲ್ಲಿ.

"ನಾಯಿ ಇರಬೇಕ. ನಡಿ."

"ನಾಯಿ ಕೋಲ ಊರತೈತೇನ್ರೀ?"

ಟಕ್... ಸರ್ರ್. ಕಬ್ಬಿನ ಗರಿಗಳು ಅಲ್ಲಾಡಲಿಲ್ಲ. ಬಾವಿಯಲ್ಲಿ ವಟಗುಟ್ಟುತ್ತಿದ್ದ ಕಪ್ಪೆಗಳು ಒಮ್ಮೆಗೇ ಸುಮ್ಮನಾದವು. ಆಮೇಲೆ ಆ ದನಿ.

"ಏನ್ರೀ... ಎಲ್ಲಿ ಅದೀರಿ...?"

ದೀಪಾಳದೇ ದನಿ. ಆದರೆ ದೀಪಾಳ ತುಟಿ ಮುಚ್ಚಿತ್ತು. ಅನುಮಾನಕ್ಕೆ ತನ್ನ ಬಾಯಿಯ ಮೇಲೆ ಕೈಯಿಟ್ಟುಕೊಂಡು ನೋಡಿದಳು.

"ಏನ್ರೀ... ಕಾಲ ಊರಾಕ ಆಗವಲ್ದು... ಬರ್ರೀ..."

ಸುನೀಲ ಅವಳ ಇನ್ನೊಂದು ಕೈ ಹಿಡಿದಿದ್ದ. ಅವನು ಅವಳಿಗೆ ಹೇಳಿದನೋ, ತನ್ನಷ್ಟಕ್ಕೆ ಅಂದುಕೊಂಡನೋ... "ಈಗ ಅವರವ್ವನ್ನ ಕರೀತಾಳ."

ಹಿಂದಿನ ಕತ್ತಲು ಅಂದಿತು, "ಯವ್ವಾ... ನೀನರ ಬಾರ ಯವ್ವಾ..."

ದೀಪಾ ಗಂಡನ ಕಡೆ ತಿರುಗಿದಳು. ಅವಳು ಬೆಚ್ಚಿದ್ದು ದೆವ್ವಕ್ಕಲ್ಲ, ಅವನ ಮಾತಿಗೆ. ಅವಳ ತಾಯಿ ಸತ್ತು ಹದಿನೈದು ವರ್ಷ. ಆ ಬಂಡೆಯ ಮೇಲೆ, ಗಂಡ ಬರುವುದಿಲ್ಲ ಅಂತ ಗಟ್ಟಿಯಾದ ಮೇಲೆ, ಕೊನೆಗೆ ಒಂದೇ ಒಂದು ಸಲ ಸತ್ತ ತಾಯಿಯನ್ನು ಕರೆದಿದ್ದಳು. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ.

"ನಿಮಗ ಹ್ಯಾಂಗ ಗೊತ್ತು?"

ಅವನು ಊರ ಕಡೆ ನೋಡಿದ.

"ಎಲ್ಲಿದ್ರಿ ಅವತ್ತ?"

"ದಾರಿ ಆಚಿಕಡೆ... ಅಲ್ಲೇ. ಮತ್ತ ಅದನ್ನ ದಾಟಾಕ ಅಂಜಿಕಿ ಆತು ದೀಪಾ. ಓ ಅಂದ್ರ ಬರಬೇಕಾಕ್ಕಿತ್ತು. ಅದಕ್ಕ..."

"ಅದಕ್ಕ ಬಾಯಿ ಮುಚ್ಚಿಕೊಂಡ ಕುಂತ್ರಿ. ಕಡೀತನಕ ಕೇಳಿದ್ರಿ. ಊರಿಗೆ ಬಂದು ಬಾಯಿ ತುಂಬ ಕತಿ ಹೇಳಿದ್ರಿ."

ಅಂಜಿಕೆಯನ್ನು ಅವಳು ಮನ್ನಿಸುತ್ತಿದ್ದಳು. ಅಂಜಿಕೆ ಯಾರಿಗಿಲ್ಲ? ಆದರೆ ಇಪ್ಪತ್ತು ಹೆಜ್ಜೆ ಆಚೆ ಕೂತು, ತಾಯಿಯನ್ನು ಕರೆದದ್ದೂ ಕೇಳಿ, ಅದರ ಮೇಲೆ ತನ್ನ ಶೌರ್ಯದ ಕತೆ ಕಟ್ಟಿದನಲ್ಲ!

"ಈಗರ ಓ ಅನ್ರಿ" ಅಂದಳು. "ಒಮ್ಮೆ. ಸಾಕು."

ಟಕ್... ಸರ್ರ್. ತೀರಾ ಹತ್ತಿರ.

ಅವನು ಕೈ ಕಿತ್ತುಕೊಂಡು ಓಡಿದ. ದಬದಬ ಹೆಜ್ಜೆ ಊರ ಕಡೆಗೆ ಹೋಯಿತು. ಒಂದು ಚಪ್ಪಲಿ ದಾರಿಯಲ್ಲೇ ಬಿತ್ತು. ಎರಡನೇ ಸಲವೂ ಬಿಟ್ಟೇ ಹೋದ.

ದೀಪಾ ಓಡಲಿಲ್ಲ. ಕತ್ತಲಿಗೆ ಮುಖ ಮಾಡಿ ನಿಂತು, ತಾನೇ ಓಗೊಟ್ಟಳು.

"ಓ... ಇಲ್ಲೇ ಅದೀನಿ. ಬಾ."

ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಕಪ್ಪೆಗಳು ಮತ್ತೆ ವಟಗುಟ್ಟಿದವು. ಅವಳು ನಡೆದಳು. ಟಕ್, ಸರ್ರ್... ಈಗ ಹಿಂದಿನಿಂದಲ್ಲ, ಪಕ್ಕದಲ್ಲಿ. ಊರ ಮೊದಲ ದೀಪದ ಕಂಬದವರೆಗೆ ಜೊತೆಗೇ ಬಂದು, ಅಲ್ಲಿ ನಿಂತುಹೋಯಿತಂತೆ.

ಬೆಳಿಗ್ಗೆ ಚೀಲ ಹಿಡಿದು ದಡ್ಡಿಯ ದಾರಿ ಹಿಡಿದಳು. ಸುನೀಲನ ಕಡೆಯ ಹಿರಿಯ ಕರೆಪ್ಪ ಎರಡು ಸಲ ಕರೆಯಲು ಬಂದ. "ಅವರ ದನಿ ನನಗ ಕೇಳಸವಲ್ದು ಅಂತ ಹೇಳ್ರಿ" ಅಂದಳು, ಅಷ್ಟೆ.

ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ಆದರೆ ಆ ಬೆಳಿಗ್ಗೆ ದೀಪದ ಕಂಬಕ್ಕೆ ಒಂದು ಊರುಗೋಲು ಒರಗಿತ್ತು. ನಂಬರು ಹದಿನಾಲ್ಕು. ಈಗ ದುಂಡವ್ವ ಅದನ್ನೇ ಹಿಡಿದು ಕುರಿ ಹೊಡೆದುಕೊಂಡು ಹೊಳೆಗೆ ಹೋಗುತ್ತಾಳೆ. ಹೋದ ಬೇಸಿಗೆ ನಾನೇ ಮುಟ್ಟಿ ನೋಡಿದೆ, ಖರೇ ಹೇಳುತ್ತೇನೆ. ಮಧ್ಯಾಹ್ನದ ಉರಿಬಿಸಿಲಲ್ಲೂ ಅದರ ಹಿಡಿ ತಣ್ಣಗಿತ್ತು.