ಅಂಗಳದ ಹಾರಿಗಳನ್ನು ಕೀಳುವ ಕುರಿತು

ಮಾನ್ಯ ಅಧ್ಯಕ್ಷರಾದ ಹೆಡ್‌ಮಾಸ್ತರರೇ, ವಾಡಿಯಿಂದ ಬಂದ ಡಾಕ್ಟರ್ ಸಾಹೇಬರೇ, ರಾವೂರಿನ ಸಮಸ್ತ ಸಭಿಕರೇ, ಮುಂದಿನ ಸಾಲಿನಲ್ಲಿ ಕುಳಿತ ಬೇಟಿ ಮಾಶಾಬಿಯೇ,

ಮಾಶಾಬಿಯ ಗಂಡ ಬಾಬುಮಿಯಾನಿಗೆ ಸಿಡಿಲು ಬಡಿದಾಗ ಅವನನ್ನು ಹೆಗಲ ಮೇಲೆ ಹೊತ್ತು ದವಾಖಾನೆ ಮುಟ್ಟಿಸಿದ್ದಕ್ಕೆ ಈ ದಶರಥನಿಗೆ ಶಾಲು ಹೊದಿಸಿದ್ದೀರಿ. ಹೊದಿಸಲೇಬೇಕು! ಕಲಿತದ್ದು ನಾಲ್ಕನೇ ಇಯತ್ತೆಯಾದರೂ, ನಿಜಾಮನ ಕಾಲದಿಂದ ಮೊನ್ನೆ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಡುವವರೆಗೆ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಯಲ್ಲಿ ಕಬ್ಬಿಣದ ಹಾರಿ ಹಿಡಿದವನು ನಾನು. ನನ್ನ ಒಂದೇ ಏಟಿಗೆ ಕಲ್ಲು ತಾನಾಗಿ ಪದರು ಬಿಡುತ್ತದೆ. ಬಾಬುಮಿಯಾ ನನಗೆ ಹತ್ತಿಯ ಮೂಟೆಯಷ್ಟೂ ಭಾರವೆನಿಸಲಿಲ್ಲ.

ಭಾರವೆನಿಸಿದ್ದು ಡಾಕ್ಟರ್ ಸಾಹೇಬರು ಅಲ್ಲಿ ಕೇಳಿದ ಮಾತು. "ಹಾರಿ ಬಾಜೂಕ ಇವನ್ನ ಕುಂದ್ರಿಸಿದವರು ಯಾರ್ರಿ?"

ಯಾರು? ಗುಡುಗಿದರೆ ಹಾರಿಯನ್ನು ನೆಟ್ಟಗೆ ನೆಟ್ಟು ಅದರ ಬುಡದಲ್ಲಿ ಕೂಡುವುದು ನಮ್ಮ ಗಣಿಯ ರೂಢಿ. ಸಿಡಿಲು ಕಬ್ಬಿಣ ತಿಂದು ಮನುಷ್ಯನನ್ನು ಬಿಡುತ್ತದೆಂದು ಊರಿಗೆಲ್ಲ ಹೇಳಿದವನು ನಾನು. ಅಂದು ಬಾಬುಮಿಯಾ ಆಫೀಸಿನ ಕೋಣೆಗೆ ಓಡಲು ಎದ್ದಿದ್ದ. "ಎಲ್ಲಿಗ್ ಓಡ್ತಿಯೋ ಅಂಜುಬುರುಕಾ? ಕುಂದ್ರು ಇಲ್ಲಿ!" ಎಂದು ಅಂಗಿ ಹಿಡಿದು ಕೂಡಿಸಿದೆ. ನಾನು ಬೀಡಿ ಹಚ್ಚಲು ಆಚೆ ಸರಿದೆ. ಒಂದು ಬಿಳಿ ಬೆಳಕು. ತಿರುಗಿದರೆ ಚಪ್ಪಲಿ ಒಂದು ಕಡೆ, ಅವನು ಒಂದು ಕಡೆ.

"ಹಾರಿಗಿ ಬಡದಿದ್ದು ನೆಲದಾಗ ಹರದು ಇವನ ಮೈಗಿ ಬಂದದ. ಉಳದಿದ್ದೇ ಅಜಬ್" ಎಂದರು ಡಾಕ್ಟರು.

ಕಣ್ಣು ಬಿಟ್ಟ ಬಾಬುಮಿಯಾ ಏನೆಂದ, ಗೊತ್ತೇ? "ಕಾಕಾ, ನಿಮ್ಮ ಹಾರಿ ಇತ್ತಂತ ಉಳದೀನ್ರಿ!"

ಎಲ್ಲದಕ್ಕೂ ಎರಡೆರಡು ಜವಾಬು ಇಟ್ಟುಕೊಂಡವನು ನಾನು, ಅದನ್ನು ತಿದ್ದದೆ ಹೊರಗೆ ಬಂದು ಬೀಡಿ ಹಚ್ಚಿದೆ. ಅವನ ಮಾತು ಊರು ತುಂಬಿತು. ಇವತ್ತು ಸಭೆಗೆ ಬರುತ್ತ ನೋಡುತ್ತೇನೆ, ಅಂಗಳ ಅಂಗಳದಲ್ಲೂ ಹಾರಿ! ಈ ಸಾಲೆಯ ಮುಂದೆ, ಮಕ್ಕಳು ಕೂಡುವಲ್ಲಿಯೂ ಹಾರಿ!

ಸಭಿಕರೇ, ಆ ಹಾರಿಗಳನ್ನೆಲ್ಲ ಇವತ್ತೇ ಕೀಳಿರಿ. ಗುಡುಗು ಕೇಳಿದರೆ ಕೈಯಲ್ಲಿನ ಕಬ್ಬಿಣ ಬಿಸಾಡಿರಿ, ಗಿಡದ ಕೆಳಗೆ ನಿಲ್ಲಬೇಡಿರಿ, ಗಟ್ಟಿ ಕಟ್ಟಡದೊಳಗೆ ಓಡಿರಿ. ಓಡುವವನನ್ನು ಅಂಜುಬುರುಕ ಎನ್ನಬೇಡಿರಿ. ಖರೆ ಹೇಳಿದವರು ಡಾಕ್ಟರು, ಸುಳ್ಳು ಹಬ್ಬಿಸಿದವನು ನಾನು.

ಬೇಟಿ ಮಾಶಾಬಿ, ಈಗ ಬಾಗಿಲಲ್ಲಿ ನನ್ನ ಕಾಲು ಮುಟ್ಟಿ, "ಕಾಕಾ, ಅಂಗಳದಾಗ ಅವರು ಮಲಗಿದ ಹೊರಸಿನ ಬಾಜೂಕೇ ಒಂದು ಹಾರಿ ನಟ್ಟು ಬಂದೀನ್ರಿ" ಅಂದೆಯಲ್ಲ? ಪಡುವಣಕ್ಕೆ ಮೋಡ ಕಟ್ಟುತ್ತಿದೆ. ಗುಡುಗು ಇನ್ನೂ ಶುರುವಾಗಿಲ್ಲ. ಏಳು, ಮೊದಲು ಅವನನ್ನು ಒಳಗೆ ಒಯ್ಯೋಣ.

ಕೇಳಿಸಿಕೊಂಡ ಎಲ್ಲರಿಗೂ ಶುಕ್ರಿಯಾ. ದಾರಿ ಬಿಡಿರಿ, ನಮಸ್ಕಾರ.